ಗುದ್ದಿದ ಹಡಗೂ ಮುಳುಗಿತು

ಬೇಸಿಗೆ ರಜೆಯಲ್ಲಿ ಮಿಷಿಗನ್ನಿನ ಆಲ್ಪೀನಾಗೆ ಹೋಗಿದ್ದೆವು. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂರಿಸಿ, ಹ್ಯೂರಾನ್ ಸರೋವರದಡಿ ಮುಳುಗಿರುವ ಹಳೇ ಹಡಗುಗಳನ್ನು ತೋರಿಸುತ್ತಾರೆ. ಮರದ ಹಲಗೆ, ಪಕ್ಕೆಲುಬಿನ ಥರ ಕಾಣುವ ತೊಲೆಗಳು, ಎಲ್ಲ ಕಾಲಬುಡದಲ್ಲೇ. ಮಗ ಗಾಜಿಗೆ ಮೂಗು ಒತ್ತಿಕೊಂಡು ಕೂತವನು ಏಳಲೇ ಇಲ್ಲ.

ಆದರೆ ನನ್ನ ತಲೆಯಲ್ಲಿ ಕೂತದ್ದು ಅದೇ ಸರೋವರದಲ್ಲಿದ್ದೂ ನಮಗೆ ಕಾಣದ ಹಡಗು, ಡಿಫೈಯನ್ಸ್. 1848ರಲ್ಲಿ ಕಟ್ಟಿದ್ದು, 115 ಅಡಿ ಉದ್ದ, ಎರಡು ಪಟಸ್ತಂಭದ ಸ್ಕೂನರ್ ಅನ್ನುವ ಹಾಯಿಹಡಗು. 1854ರ ಅಕ್ಟೋಬರಿನ ಒಂದು ರಾತ್ರಿ ಮೆಕ್ಕೆಜೋಳ, ಗೋಧಿ ತುಂಬಿಕೊಂಡು ಬರುತ್ತಿತ್ತು. ಎದುರಿನಿಂದ ಜಾನ್ ಜೆ. ಆಡುಬಾನ್, ಅದೇ ವರ್ಷ ಕಟ್ಟಿದ ಹೊಸ ಹಡಗು, ಹೊಟ್ಟೆ ತುಂಬ ರೈಲು ಹಳಿ. ದಟ್ಟ ಮಂಜು. ರಾಡಾರ್ ಎಲ್ಲಿ ಬರಬೇಕು, ಆಗ ಇದ್ದದ್ದು ಕಣ್ಣು, ಕಿವಿ ಅಷ್ಟೇ. ಡಿಫೈಯನ್ಸ್ ಹೋಗಿ ಗುದ್ದಿತು, ಆಡುಬಾನ್ ಮುಳುಗಿತು, ಗುದ್ದಿದ್ದೂ ಉಳಿಯಲಿಲ್ಲ. (ಆ ಹಳಿ ಊರು ಸೇರಿದ್ದರೆ ಮುಂದೆ ಇಂಥದೇ ಜೋಳವನ್ನು ರೈಲಿಗೆ ತುಂಬುತ್ತಿದ್ದರು, ಅಲ್ವಾ?)

ಈಗಲೂ ಡಿಫೈಯನ್ಸ್ ಸುಮಾರು 185 ಅಡಿ ಆಳದಲ್ಲಿ ನೆಟ್ಟಗೆ ಕೂತಿದೆ, ಎರಡೂ ಪಟಸ್ತಂಭ ನಿಂತೇ ಇವೆ. ನೂರೆಪ್ಪತ್ತು ವರ್ಷ! ಕಾರಣ ನೀರು. ಸಿಹಿನೀರು, ಅದೂ ಕೊರೆಯುವ ತಣ್ಣೀರು. ಸಮುದ್ರದಲ್ಲಿ ಮರ ಕೊರೆಯುವ ಒಂದು ಹುಳ ಇದೆ, ಮನೆಗೆ ಗೆದ್ದಲು ಹೇಗೋ ಮರದ ಹಡಗಿಗೆ ಅದು ಹಾಗೆ. ಸರೋವರದಲ್ಲಿ ಅದು ಬದುಕುವುದಿಲ್ಲ. ಆದರೆ ಎಲ್ಲಿಂದಲೋ ಬಂದ ಸಣ್ಣ ಚಿಪ್ಪುಜೀವಿಗಳು ಈಗ ಅಲ್ಲಿನ ಹಡಗುಗಳ ಮೇಲೆಲ್ಲ ಮೆತ್ತಿಕೊಳ್ಳುತ್ತಿವೆಯಂತೆ. ನೀರನ್ನು ಸೋಸಿ ತಿಳಿ ಮಾಡುವುದೂ ಅವೇ, ಮರ ಮುಚ್ಚಿಹಾಕುವುದೂ ಅವೇ.

ನಮ್ಮ ಅಜ್ಜ ಮಂಗಳೂರು ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ, ಅಂದರೆ ಸರಕಿನ ದೋಣಿಗಳಿಗೆ, ಸಾಮಾನು ಹೇರಿಸಿ ಲೆಕ್ಕ ಬರೆಯುತ್ತಿದ್ದವರು. ಮಂಜಿಯೂ ಮರದ್ದೇ. ಹುಳದ ಕಾಟ ಅವರಿಗೆ ಹೊಸತಲ್ಲ, ಅದಕ್ಕೇ ಫೋನಿನಲ್ಲಿ ಇದನ್ನೆಲ್ಲ ಉತ್ಸಾಹದಿಂದ ಹೇಳಿದೆ. ಪಟಸ್ತಂಭ ನಿಂತಿದೆ ಅಂದರೂ ಹೂಂ, ಹುಳ ಇಲ್ಲ ಅಂದರೂ ಹೂಂ.

ಕೊನೆಗೆ ಕೇಳಿದರು: "ಎರಡೂ ಮುಳುಗಿತಲ್ಲ ಮಾರಾಯ್ತಿ, ಜೋಳದ ದುಡ್ಡು ಯಾರು ಕೊಟ್ಟದ್ದು?"