ಗೇನ್ ತಿರುಗಿಸುವ ಮೊದಲು ಒಂದು ಗೇಣು

ಮನೆಯಲ್ಲಿ ಭಾವಗೀತೆಯನ್ನೋ ದೇವರನಾಮವನ್ನೋ ರೆಕಾರ್ಡ್ ಮಾಡಹೊರಟವರು ಮೊದಲು ಕೇಳುವುದು ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) ಎಷ್ಟಿಡಬೇಕು ಅಂತ. ಅದಕ್ಕೂ ಮುಂಚೆ ಬಾಯಿಗೂ ಮೈಕಿಗೂ ಎಷ್ಟು ದೂರ, ಮೈಕಿನ ಮುಖ ಯಾವ ಕಡೆ ಅನ್ನುವುದನ್ನು ನೋಡಿ.

ಎಟಿ2020, ರೋಡ್ ಎನ್‌ಟಿ1 ಥರದ ಕಂಡೆನ್ಸರ್ (ವಿದ್ಯುತ್ ಬೇಡುವ ಸೂಕ್ಷ್ಮ) ಮೈಕಿಗೆ ಪಕ್ಕದಿಂದ ಹಾಡಬೇಕು, ತುದಿಗಲ್ಲ. ವೇದಿಕೆಯ ಮೈಕಿಗೆ ಒಗ್ಗಿದವರು ತುದಿಗೇ ಬಾಯಿಡುತ್ತಾರೆ, ದನಿ ಮಂಕಾಗುತ್ತದೆ. ಎನ್‌ಟಿ1ರಲ್ಲಿ ಚಿನ್ನದ ಬಣ್ಣದ ಚುಕ್ಕಿಯಿರುವ ಕಡೆಯೇ ಮುಖ.

ದೂರ ಒಂದು ಗೇಣು, ಸುಮಾರು 20 ಸೆಂ.ಮೀ. ಪಾಪ್ ಫಿಲ್ಟರ್ (ಉಸಿರಿನ ಹೊಡೆತ ತಡೆಯುವ ಜಾಲರಿ) ಮೈಕಿನಿಂದ ನಾಲ್ಕು ಬೆರಳಿನಷ್ಟು ಮುಂದೆ ಇರಲಿ. ಬಾಯಿ 10 ಸೆಂ.ಮೀ.ಗಿಂತ ಹತ್ತಿರ ಹೋದರೆ ತಗ್ಗಿನ ಸ್ವರಗಳು ಉಬ್ಬಿ ಮಂದ್ರ ಗುಂಯ್‌ಗುಡುತ್ತದೆ. ಹಾಡುತ್ತಾ ತಲೆ ಹಿಂದೆಮುಂದೆ ಆಡಿದರೆ ಸಾಲುಸಾಲಿಗೂ ದನಿಯ ಬಣ್ಣವೇ ಬೇರೆ. ಪ, ಬ, ಫ, ಭ ಬಂದಾಗ ‘ಧಪ್’ ಅನ್ನುತ್ತಿದ್ದರೆ ಮೈಕನ್ನು ಮೂಗಿನ ಎತ್ತರಕ್ಕೇರಿಸಿ ಬಾಯಿಯತ್ತ ಬಾಗಿಸಿ. ಉಸಿರು ಅದರ ಕೆಳಗೆ ಹಾದುಹೋಗುತ್ತದೆ.

ಮೈಕನ್ನು ಇಂಟರ್ಫೇಸಿಗೆ, ಅಂದರೆ ಮೈಕಿಗೂ ಕಂಪ್ಯೂಟರಿಗೂ ನಡುವಿನ ಪೆಟ್ಟಿಗೆಗೆ, ಜೋಡಿಸುವಾಗ ಅದರ ಗೇನ್, ಹೆಡ್‌ಫೋನ್ ಎರಡನ್ನೂ ಪೂರ್ತಿ ಇಳಿಸಿ, ಎಕ್ಸ್ಎಲ್ಆರ್ (ಮೂರು ಪಿನ್ನಿನ ಮೈಕ್) ಕೇಬಲ್ ಸಿಕ್ಕಿಸಿ, ಆಮೇಲೆ ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಗುಂಡಿ ಒತ್ತಿ. ಕಳಚುವಾಗ ಮೊದಲು 48 ವೋಲ್ಟ್ ಆರಿಸಿ.

ಈಗ ಗೇನ್. ಪಲ್ಲವಿ ಹಾಡಿ ಅಳೆಯಬೇಡಿ. ಚರಣದಲ್ಲಿ ದನಿ ತಾರಕ್ಕೇರುವ ಸಾಲನ್ನು ಪೂರ್ತಿ ಕಂಠದಲ್ಲಿ ಹಾಡಿ. ಮೀಟರ್ ಅಲ್ಲಿ ಮೈನಸ್ 12ರಿಂದ ಮೈನಸ್ 8 ಡೆಸಿಬಲ್ ಮುಟ್ಟಿದರೆ ಸಾಕು. 24 ಬಿಟ್‌ನಲ್ಲಿ (ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗ್ ಗುಣಮಟ್ಟದ ಒಂದು ಆಯ್ಕೆ) ಮೆತ್ತಗಿನ ದನಿಯನ್ನು ಆಮೇಲೆ ಎತ್ತಬಹುದು. ಕೆಂಪು ದೀಪ ಹತ್ತಿ ಒಡೆದ ದನಿ ಮಾತ್ರ ಸರಿಹೋಗುವುದಿಲ್ಲ, ಆ ಸಾಲನ್ನು ಮತ್ತೆ ಹಾಡಲೇಬೇಕು.

ಹೆಚ್ಚಿನವರು ಎಡವುವುದು ಕೋಣೆಯ ವಿಷಯದಲ್ಲಿ. ಈ ಮೈಕುಗಳು ಬೆನ್ನ ಕಡೆಯ ಸದ್ದನ್ನು ಕಡಿಮೆ ಹಿಡಿಯುತ್ತವೆ, ಹಾಗಾಗಿ ಬೀದಿಯ ಕಿಟಕಿಗೆ ಮೈಕಿನ ಬೆನ್ನು ಮಾಡಿ. ಆದರೆ ಹಾಡುವವರ ಹಿಂದಿನ ಗೋಡೆಗೆ ಬಡಿದು ಬರುವ ಸದ್ದು ನೇರ ಮೈಕಿನ ಮುಖಕ್ಕೇ ಬೀಳುತ್ತದೆ. ದಪ್ಪ ಕಂಬಳಿಯನ್ನೋ ರಜಾಯಿಯನ್ನೋ ತೂಗುಹಾಕಬೇಕಾದ್ದು ಆ ಗೋಡೆಗೆ. ಮೈಕಿನ ಹಿಂದೆ ಮಾತ್ರ ಫೋಮ್ ಅಂಟಿಸಿದರೆ ಕೆಲಸ ಅರ್ಧವೂ ಆಗದು. ಫ್ಯಾನ್ ಆರಿಸಲೇಬೇಕು. ಶ್ರುತಿ ಕೇಳಲು ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು, ಇಲ್ಲದಿದ್ದರೆ ತಂಬೂರಿ ಸೋರಿ ದನಿಯ ಟ್ರ್ಯಾಕಿನೊಳಗೆ ಸೇರಿಬಿಡುತ್ತದೆ.

ನಿಮ್ಮ ದನಿ ನಿಮಗೇ ಎರಡೆರಡಾಗಿ ಕೇಳಿಸಿದರೆ ದನಿಯನ್ನು ನೇರ ಹೆಡ್‌ಫೋನಿಗೆ ಕಳಿಸುವ ಇಂಟರ್ಫೇಸಿನ ಡೈರೆಕ್ಟ್ ಮಾನಿಟರ್, ಕಂಪ್ಯೂಟರ್ ಮೂಲಕ ತುಸು ತಡವಾಗಿ ಕಳಿಸುವ ಸಾಫ್ಟ್‌ವೇರಿನ ಮಾನಿಟರ್ ಎರಡೂ ಆನ್ ಆಗಿವೆ, ಸಾಫ್ಟ್‌ವೇರಿನದನ್ನು ಆರಿಸಿ. ‘ಹೂಂ’ ಅನ್ನುವ ಸದ್ದು ಬಿಡದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ತೇವ ಹಿಡಿದ ಕಂಡೆನ್ಸರ್ ಚಟಪಟ ಅನ್ನತೊಡಗುತ್ತದೆ. ಕೆಲಸ ಮುಗಿದ ಮೇಲೆ ಸ್ಟ್ಯಾಂಡಿನಲ್ಲೇ ಬಿಡದೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿಮುಚ್ಚಳದ ಡಬ್ಬಿಯಲ್ಲಿಡಿ. ಮೈಕ್ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಉಫ್ ಅಂತ ಊದಬೇಡಿ, ಚಿಟಿಕೆ ಹೊಡೆಯಿರಿ.