ಗುರ್ರುಮುಲ್ ಅವರಿಗೆ ಸಾಥ್ ಕೊಟ್ಟ ಮನುಷ್ಯ

ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವರಿಗೆ ಒಂದು ಚಾಳಿ ಇರುತ್ತದೆ. ಯಾವ ಹಾಡು ಹಚ್ಚಿದರೂ ಕಿವಿ ಮೊದಲು ಹಾಡುವವರ ಪಕ್ಕ ಕೂತವರ ಕಡೆ ಓಡುತ್ತದೆ. ಆಸ್ಟ್ರೇಲಿಯಾದ ಜೆಫ್ರಿ ಗುರ್ರುಮುಲ್ ಯುನುಪಿಂಗು ಅವರ ‘ಗುರ್ರುಮುಲ್’ ಆಲ್ಬಮ್ ಮೊದಲ ಸಲ ಕೇಳಿದಾಗ ನನಗೂ ಹಾಗೇ ಆಯಿತು. ಹಾಡುಗಾರರ ದನಿ ಎತ್ತರದ್ದು, ತೆಳ್ಳನೆಯದು, ಜಗ್ಗಾಟವಿಲ್ಲದ್ದು. ಜೊತೆಗೊಂದು ಗಿಟಾರು. ಅದರ ಕೆಳಗೆ ಡಬಲ್ ಬಾಸ್, ಅಂದರೆ ನಿಂತುಕೊಂಡು ಬಾರಿಸುವ ಆಳೆತ್ತರದ ತಂತಿವಾದ್ಯ. ಆ ಬಾಸಿನವರು ಹಾಡು ಉಸಿರು ತಗೊಳ್ಳುವ ಜಾಗದಲ್ಲಿ ಅವಸರಪಟ್ಟು ಸ್ವರ ತುಂಬುವುದಿಲ್ಲ. ಸಾಥ್ ಮಾಡುವವರಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಕೈ ಸುಮ್ಮನಿರಲು ಒಪ್ಪುವುದೇ ಇಲ್ಲ.

ನಾನು ಗುಳೇದಗುಡ್ಡದವನು. ನಮ್ಮ ಕಾಕಾ ಹಾಡುತ್ತಾರೆ, ನಾನು ಅವರಿಗೆ ಪೇಟಿ ಸಾಥ್ ಮಾಡುತ್ತೇನೆ. ಕಾಕಾಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಸಣ್ಣವರಿದ್ದಾಗಲೇ ಮನೆಯವರು ಅವರನ್ನು ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಬಿಟ್ಟು ಬಂದರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದ ಬಗ್ಗೆ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗುರುಗಳಿಬ್ಬರಿಗೂ ಕಣ್ಣಿರಲಿಲ್ಲ. ಅಲ್ಲಿ ಕಲಿತು ಬಂದ ಕಾಕಾ ಶ್ರಾವಣ ಬಂತೆಂದರೆ ಮನೆಯಲ್ಲಿ ನಿಲ್ಲುವುದಿಲ್ಲ. ಬಾದಾಮಿ, ಕೆರೂರು, ಇಳಕಲ್ಲ, ಹುನಗುಂದ ಎಂದು ಮಠ, ಗುಡಿ, ಜಾತ್ರೆಗಳಿಗೆ ತಿರುಗುತ್ತಾರೆ. ಅವರನ್ನು ಕೈ ಹಿಡಿದು ಬಸ್ ಹತ್ತಿಸುವವನು, ವೇದಿಕೆಗೆ ಕರೆದೊಯ್ಯುವವನು, ಎಡಗಡೆ ಕೂತು ಪೇಟಿ ಬಾರಿಸುವವನು ನಾನು.

ಈ ಆಲ್ಬಮ್ಮನ್ನು ಕಾಕಾಗೆ ಕೇಳಿಸಿದೆ. ಯಾರು, ಏನು ಎಂದು ಮೊದಲೇ ಹೇಳಲಿಲ್ಲ. ಎರಡು ಹಾಡು ಮುಗಿಯುವವರೆಗೂ ಅವರು ಮಾತಾಡಲಿಲ್ಲ. ಆಮೇಲೆ ಕೇಳಿದರು:

“ಹಿಂದ ಬಾರಸಾಂವ ಯಾರೋ ತಮ್ಮಾ? ಜಾಗಾ ಬಿಟ್ಟು ಬಾರಸ್ತಾನಲ್ಲ!”

ಆ ಬಾರಿಸುವವರ ಹೆಸರು ಮೈಕಲ್ ಹೋನೆನ್.

ಗುರ್ರುಮುಲ್ ಹುಟ್ಟಿದ್ದು 1971ರ ಜನವರಿಯಲ್ಲಿ, ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನ್‌ಹೆಮ್ ಲ್ಯಾಂಡ್ ಕರಾವಳಿಗೆ ಅಂಟಿಕೊಂಡ ಎಲ್ಕೊ ದ್ವೀಪದಲ್ಲಿ. ಊರು ಗಲಿವಿಂಕು. ಅವರು ಯೊಲ್ಂಗು ಮೂಲನಿವಾಸಿಗಳು. ತಂದೆಯ ಕಡೆಯಿಂದ ಗುಮಾಚ್ ಕುಲ, ತಾಯಿಯದು ಗಾಲ್ಪು ಕುಲ. ಹುಟ್ಟಿನಿಂದ ಅಂಧರು. ಬ್ರೈಲ್ ಕಲಿಯಲಿಲ್ಲ, ಕೈಯಲ್ಲಿ ಕೋಲು ಹಿಡಿಯಲಿಲ್ಲ. ಮನೆಮಂದಿ, ಬಳಗದವರು ಸುತ್ತ ಇದ್ದರು, ಅಷ್ಟು ಸಾಕಾಗಿತ್ತು. ಎಡಗೈಯವರಾದ್ದರಿಂದ ಬಲಗೈಯವರಿಗೆ ಮಾಡಿದ ಗಿಟಾರನ್ನು ತಂತಿ ಬದಲಿಸದೆ ಹಾಗೇ ತಿರುಗಿಸಿ ಹಿಡಿದು ಕಲಿತರು. ಹಾಗೆ ಹಿಡಿದರೆ ದಪ್ಪ ತಂತಿಗಳು ಕೆಳಗೆ ಬರುತ್ತವೆ, ತೆಳು ತಂತಿಗಳು ಮೇಲೆ. ಹೆಬ್ಬೆರಳಿನ ಕೆಲಸ ಬೆರಳುಗಳಿಗೆ, ಬೆರಳುಗಳ ಕೆಲಸ ಹೆಬ್ಬೆರಳಿಗೆ. ಇದನ್ನು ಹೇಳಿದಾಗ ಕಾಕಾ ಪೇಟಿಯ ಮೇಲೆ ಕೈ ಅದಲುಬದಲು ಮಾಡಿ ಒಂದಿಷ್ಟು ಹೊತ್ತು ಬಾರಿಸಿ ನೋಡಿದರು.

ಊರಿನಲ್ಲಿ ಕ್ರೈಸ್ತ ಮಿಷನ್ ಇತ್ತು. ಹಾಗಾಗಿ ಒಂದು ಕಿವಿಗೆ ಪ್ರಾರ್ಥನಾಗೀತೆ, ಇನ್ನೊಂದು ಕಿವಿಗೆ ಮನಿಕಾಯ್. ಮನಿಕಾಯ್ ಅಂದರೆ ಯೊಲ್ಂಗು ಕುಲಗಳ ಹಾಡಿನ ಸರಣಿ. ಯಾವ ಕುಲಕ್ಕೆ ಯಾವ ನೆಲ, ಯಾವ ನೀರು, ಯಾವ ಪ್ರಾಣಿ ಎಂಬುದೆಲ್ಲ ಅದರೊಳಗೇ ಇದೆ. ಬಿಲ್ಮ ಎಂಬ ಕೋಲುಗಳ ತಾಳ, ಯಿಡಕಿ ಎಂಬ ಉದ್ದನೆಯ ಊದುವ ಕೊಳವೆಯ ನಾದ. ಹೊರಗಿನವರು ಡಿಜರಿಡೂ ಅನ್ನುವುದು ಈ ಯಿಡಕಿಗೇ.

ಹರೆಯದಲ್ಲಿ ಅವರು ‘ಯೋಥು ಯಿಂಡಿ’ ಎಂಬ ಬ್ಯಾಂಡಿನಲ್ಲಿ ಡ್ರಮ್ಮು, ಕೀಬೋರ್ಡು, ಗಿಟಾರು ಬಾರಿಸಿದರು. 1991ರಲ್ಲಿ ಆ ಬ್ಯಾಂಡಿಗೆ ದೊಡ್ಡ ಹೆಸರು ಬಂತು. ಹೆಸರು ಬಂದ ಮೇಲೆ ಸಾಮಾನ್ಯವಾಗಿ ಯಾರೂ ಬಿಟ್ಟು ಬರುವುದಿಲ್ಲ, ಇವರು ಬಿಟ್ಟು ಊರಿಗೆ ಮರಳಿದರು. ಊರಿನ ಗೆಳೆಯರ ಜೊತೆ ‘ಸಾಲ್ಟ್‌ವಾಟರ್ ಬ್ಯಾಂಡ್’ ಕಟ್ಟಿಕೊಂಡರು.

ಹೋನೆನ್ ಬಂದದ್ದು ಆ ಹೊತ್ತಿಗೆ. ಶಾಸ್ತ್ರೀಯವಾಗಿ ಬಾಸ್ ಕಲಿತವರು, ಮೆಲ್ಬರ್ನ್‌ನಲ್ಲಿ ಬ್ಯಾಂಡಿನಲ್ಲಿ ಬಾರಿಸಿದವರು. ಉತ್ತರದ ಡಾರ್ವಿನ್ ನಗರಕ್ಕೆ ಬಂದು, ಗಲಿವಿಂಕುವಿಗೆ ಸಂಗೀತ ಕಲಿಸಲು ಹೋದರು. ಆಮೇಲೆ ಮಾರ್ಕ್ ಗ್ರೋಸ್ ಅವರ ಜೊತೆ ‘ಸ್ಕಿನ್ನಿಫಿಶ್ ಮ್ಯೂಸಿಕ್’ ಎಂಬ ಸಣ್ಣ ಕಂಪನಿ ಮಾಡಿದರು. ಬ್ಯಾಂಡಿನ ಗದ್ದಲದೊಳಗೆ ಮುಳುಗಿದ್ದ ಒಂದು ದನಿಯನ್ನು ಬೇರೆ ಮಾಡಿ, ಗಿಟಾರು, ಬಾಸ್, ಕೆಲವು ಜೊತೆದನಿ, ಇಷ್ಟರಲ್ಲೇ ಇಡಬೇಕು ಎಂದು ನಿಶ್ಚಯಿಸಿದ್ದು ದೊಡ್ಡ ತೀರ್ಮಾನ ಎಂದು ನನಗನ್ನಿಸುತ್ತದೆ. ಅಷ್ಟು ಹೊತ್ತಿಗೆ ಗುರ್ರುಮುಲ್ ಅವರಿಗೆ ಮೂವತ್ತೇಳು. 2008ರ ಆ ಆಲ್ಬಮ್ ಆಸ್ಟ್ರೇಲಿಯಾದ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು, ಅಲ್ಲಿನ ಅರಿಯಾ ಸಂಗೀತ ಪ್ರಶಸ್ತಿಗಳಲ್ಲಿ ಎರಡು ಬಂದವು. ಹಾಡುಗಳು ಹೆಚ್ಚುಪಾಲು ಅವರ ತಾಯ್ನುಡಿಗಳಲ್ಲಿ. ಕೊಂಡು ಕೇಳಿದ ಹೆಚ್ಚಿನ ಆಸ್ಟ್ರೇಲಿಯಾದವರಿಗೂ ಆ ನುಡಿಗಳ ಒಂದು ಮಾತೂ ತಿಳಿಯುತ್ತಿರಲಿಲ್ಲ, ನನ್ನಂತೆಯೇ.

ನನಗೆ ಅವರ ಬಾಳಿನಲ್ಲಿ ಅತಿ ಹೆಚ್ಚು ಹಿಡಿಸಿದ್ದು ಇನ್ನು ಮುಂದಿನದು. ಗುರ್ರುಮುಲ್ ವೇದಿಕೆಯ ಮೇಲೆ ಮಾತಾಡುತ್ತಿರಲಿಲ್ಲ. ಸಂದರ್ಶನ ಕೊಡುತ್ತಿರಲಿಲ್ಲ. ಹಾಡಿನ ನಡುವೆ ಮಾತು ಬೇಕಿದ್ದರೆ ಹೋನೆನ್ ಬಾಸ್ ಹಿಡಿದುಕೊಂಡೇ ಎರಡು ಮಾತು ಹೇಳುತ್ತಿದ್ದರು. ಪತ್ರಿಕೆಯವರಿಗೂ ಅವರೇ. ಗುರ್ರುಮುಲ್ ಕುರ್ಚಿಯಲ್ಲಿ ಕೂತು ಹಾಡುವರು, ಮುಗಿದ ಮೇಲೆ ಎದ್ದು ಹೋಗುವರು.

ನಮ್ಮ ಕಡೆ ಒಂದು ಊರಿನ ಕಾರ್ಯಕ್ರಮ ನೆನಪಾಗುತ್ತದೆ. ಕಾಕಾ ಹಾಡುವ ಮೊದಲು ನಡೆಸುವವರು ಮೈಕು ಹಿಡಿದು ಅವರಿಗೆ ಕಣ್ಣಿಲ್ಲದ್ದರ ಬಗ್ಗೆ ಭಾಷಣವನ್ನೇ ಮಾಡಿದರು. ದೇವರು ಕಣ್ಣು ಕಸಿದುಕೊಂಡ, ಕಂಠ ಕೊಟ್ಟ, ಎಂದೆಲ್ಲ. ಕಾಕಾ ತಂಬೂರಿ ಶ್ರುತಿ ಮಾಡಿಕೊಂಡು ಕಾದೇ ಕಾದರು. ಭಾಷಣ ಮುಗಿಯುವ ಹೊತ್ತಿಗೆ ಹಾಡಿಗೆ ಉಳಿದ ವೇಳೆ ಕಡಿಮೆ. ಯಮನ್ ರಾಗ ಹಾಡಬೇಕೆಂದು ಬಂದವರು ಎರಡು ವಚನ ಹಾಡಿ ಕೆಳಗಿಳಿದರು. ಬಸ್ಸಿನಲ್ಲಿ ಬರುವಾಗ, “ನನ್ನ ಕಣ್ಣಿನ ಸುದ್ದಿ ನಾ ಹೇಳಬೇಕು, ಇಲ್ಲಾ ಸುಮ್ಮನಿರಬೇಕು. ಅವರಿಗೇನ ಕೆಲಸ?” ಅಂದರು.

ಗುರ್ರುಮುಲ್ ತಮ್ಮ ಕಣ್ಣಿನ ಸುದ್ದಿಯನ್ನು ತಾವೇ ಒಂದು ಹಾಡಿನಲ್ಲಿ ಹೇಳಿಕೊಂಡಿದ್ದಾರೆ. ಅದೇ ಆಲ್ಬಮ್ಮಿನ ‘ಗುರ್ರುಮುಲ್ ಹಿಸ್ಟರಿ’. ಅದರಲ್ಲಿ ಇಂಗ್ಲಿಷ್ ಸಾಲುಗಳೂ ಇವೆ. ಅಲ್ಲಿಗೆ ಮುಗಿಯಿತು, ಮತ್ತೆ ಮತ್ತೆ ಅದನ್ನು ಮಾರಾಟಕ್ಕೆ ಇಡಲಿಲ್ಲ.

ಒಲ್ಲೆ ಅನ್ನುವುದೂ ಅವರಿಗೆ ಗೊತ್ತಿತ್ತು. ಫ್ರಾನ್ಸಿನ ಒಂದು ಟಿವಿ ಕಾರ್ಯಕ್ರಮದಲ್ಲಿ ಇಂಗ್ಲೆಂಡಿನ ಹೆಸರಾಂತ ಗಾಯಕ ಸ್ಟಿಂಗ್ ಅವರ ಜೊತೆ ಹಾಡುವ ಅವಕಾಶ ಬಂದಾಗಲೂ, ಸ್ಟಿಂಗ್ ಅವರ ಪ್ರಸಿದ್ಧ ಇಂಗ್ಲಿಷ್ ಹಾಡಿಗೆ ತಮ್ಮ ನುಡಿಯ ಮಾತುಗಳನ್ನೇ ಹಾಕಿ ಹಾಡಿದರು. ಅಮೆರಿಕದ ಪ್ರವಾಸ ನಿಶ್ಚಯವಾದಾಗ ವಿಮಾನವನ್ನೇ ಹತ್ತಲಿಲ್ಲ. ಊರು, ಬಳಗ, ಕುಲದ ಕರ್ತವ್ಯಗಳು ಮೊದಲು. ಕಂಪನಿಗೆ ಅದರಿಂದ ಎಷ್ಟು ಪೆಟ್ಟು ಬಿದ್ದಿರಬೇಕು! ಆದರೂ ಹೋನೆನ್ ಗುರ್ರುಮುಲ್ ಅವರ ಕೈ ಬಿಡಲಿಲ್ಲ, ಬಲವಂತವನ್ನೂ ಮಾಡಲಿಲ್ಲ. ಸಾಥ್ ಎನ್ನುವುದು ವೇದಿಕೆಯ ಮೇಲಷ್ಟೇ ಅಲ್ಲ. ಹಾಡುವವರು ಇವತ್ತು ಹಾಡುವುದಿಲ್ಲ ಅಂದರೆ ಸಂಘಟಕರ ಎದುರು ನಿಂತು ಮಾತು ಕೇಳಿಸಿಕೊಳ್ಳುವವರೂ ನಾವೇ. ಆ ಕೆಲಸ ನಾನೂ ಮಾಡಿದ್ದೇನೆ, ಅದಕ್ಕೇ ಇದನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಆ 2008ರ ಆಲ್ಬಮ್ಮಿನ ‘ವಿಯಾತುಲ್’ ಹಾಡಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ಕಾಡುಕೋಳಿಯ ಜಾತಿಯ ಒಂದು ಹಕ್ಕಿ ಕೂಗುತ್ತದೆ, ಆ ಕೂಗಿನೊಳಗೆ ತಮ್ಮ ಜಾಗಕ್ಕಾಗಿ ಹಂಬಲಿಸುವವರ ಅಳು ಇದೆ. ಕಾಕಾನ ತಾಯಿಯ ತವರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾದ ಊರು. ಕಾಕಾ ಆ ಊರನ್ನು ನೋಡಿದವರಲ್ಲ, ಕೇಳಿದವರು. ಅಗಸಿಯೊಳಗೆ ಕಾಲಿಟ್ಟರೆ ಹೆಜ್ಜೆಯ ಸಪ್ಪಳ ಬದಲಾಗುತ್ತಿತ್ತಂತೆ, ಬಾವಿಯ ಗಡಗಡಿ ಕಿರುಗುಟ್ಟಿದರೆ ಅಜ್ಜಿಯ ಮನೆ ಬಂತೆಂದು ತಿಳಿಯುತ್ತಿತ್ತಂತೆ. ಪುನರ್ವಸತಿ ಕೇಂದ್ರದ ಹೊಸ ಊರಿನ ಓಣಿಗಳು ನೆಟ್ಟಗೆ, ಅಗಲವಾಗಿ ಇವೆ. ಅಲ್ಲಿ ಎಲ್ಲ ಕಡೆಗೂ ಒಂದೇ ಸಪ್ಪಳ, ದಾರಿ ಸಿಗುವುದಿಲ್ಲ ಎನ್ನುತ್ತಾರೆ ಕಾಕಾ. ಮುಳುಗಡೆಯ ಪರಿಹಾರ, ಎಕರೆ, ಮನೆಗಳ ಲೆಕ್ಕವನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಮಾತಾಡುತ್ತಾರೆ. ಸಪ್ಪಳದ ಲೆಕ್ಕ ನಾನು ಕೇಳಿದ್ದು ಅವರೊಬ್ಬರಿಂದ. ‘ವಿಯಾತುಲ್’ ಹಾಡಿನ ಅರ್ಥವನ್ನು ನಾನು ಹೇಳಿದ ಮೇಲೆಯೇ ಅವರು ಈ ಮಾತೆಲ್ಲ ತೆಗೆದದ್ದು, ಅದಕ್ಕೂ ಮೊದಲು ಎಂದೂ ಹೇಳಿರಲಿಲ್ಲ.

ಮುಂದೆ 2011ರಲ್ಲಿ ‘ರ್ರಕಲ’ ಬಂತು, 2015ರಲ್ಲಿ ಊರಿನ ಪ್ರಾರ್ಥನಾಗೀತೆಗಳ ಆಲ್ಬಮ್. ನಡುವೆ ಗೈ ಮೇಸ್ಟ್ರಿ ಎಂಬ ಕಲಾವಿದರು ಬರೆದ ಅವರ ಭಾವಚಿತ್ರಕ್ಕೆ 2009ರ ಆರ್ಚಿಬಾಲ್ಡ್ ಪ್ರಶಸ್ತಿ ಸಿಕ್ಕಿತು. ಆದರೆ ಬಾಲ್ಯದಲ್ಲಿ ತಗುಲಿದ್ದ ಹೆಪಟೈಟಿಸ್-ಬಿ ಲಿವರನ್ನೂ ಕಿಡ್ನಿಯನ್ನೂ ತಿಂದುಹಾಕಿತ್ತು. 2017ರ ಜುಲೈ 25ರಂದು ಡಾರ್ವಿನ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಲವತ್ತಾರು ವರ್ಷ ಒಂದು ವಯಸ್ಸೇ? ಮೂಲನಿವಾಸಿಗಳ ಊರುಗಳಲ್ಲಿ ಇಂಥ ಕಾಯಿಲೆಗಳು ಹೀಗೆ ಮಂದಿಯನ್ನು ಒಯ್ಯುತ್ತಿವೆ ಎಂಬ ಸಿಟ್ಟು ಆ ಸಮಯದಲ್ಲಿ ಆಸ್ಟ್ರೇಲಿಯಾದಲ್ಲಿ ಎದ್ದಿತ್ತು. ಸಿಟ್ಟು ಸರಿಯಾದದ್ದೇ.

ಯೊಲ್ಂಗು ಪದ್ಧತಿಯಂತೆ ಸತ್ತವರ ಹೆಸರನ್ನು ಹೇಳುವಂತಿಲ್ಲ, ಚಿತ್ರ ತೋರಿಸುವಂತಿಲ್ಲ. ಪತ್ರಿಕೆಗಳು ಕೆಲಕಾಲ ‘ಡಾ. ಜಿ. ಯುನುಪಿಂಗು’ ಎಂದಷ್ಟೇ ಬರೆದವು. ಆಮೇಲೆ ಅವರ ಮನೆಯವರೇ ಹೆಸರು, ಚಿತ್ರ ಬಳಸಲು ಒಪ್ಪಿಗೆ ಕೊಟ್ಟರು. ಆ ಒಪ್ಪಿಗೆ ಇರುವುದರಿಂದಲೇ ನಾನಿಲ್ಲಿ ಹೆಸರು ಹಿಡಿದು ಬರೆದಿದ್ದೇನೆ.

ಸಾಯುವ ಕೆಲವೇ ವಾರಗಳ ಮುಂಚೆ ಒಂದು ಆಲ್ಬಮ್ಮಿನ ಕೆಲಸ ಮುಗಿದಿತ್ತು: ‘ಜಾರಿಮಿರ್ರಿ’. 2018ರ ಏಪ್ರಿಲ್‌ನಲ್ಲಿ ಹೊರಬಂದು ಆಸ್ಟ್ರೇಲಿಯಾದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಆ ದೇಶದ ಮೂಲನಿವಾಸಿ ನುಡಿಯ ಆಲ್ಬಮ್ಮೊಂದು ಆ ಸ್ಥಾನ ಮುಟ್ಟಿದ್ದು ಅದೇ ಮೊದಲು. ಆ ವರ್ಷದ ಉತ್ತಮ ಗಾಯಕ ಎಂಬ ಅರಿಯಾ ಪ್ರಶಸ್ತಿಯೂ ಅವರಿಗೇ ಸಂದಿತು.

ಇದರ ಬಗ್ಗೆ ನನಗೂ ಕಾಕಾಗೂ ಒಮ್ಮತವಿಲ್ಲ. ಇಲ್ಲಿ ಗಿಟಾರಿನ ಬದಲು ಚೆಲ್ಲೊ, ಬಾಸ್, ಪಿಟೀಲು, ಊದುವ ವಾದ್ಯಗಳ ಇಡೀ ವಾದ್ಯವೃಂದ ಇದೆ. ಎರ್ಕಿ ವೆಲ್ತೈಮ್ ಮತ್ತು ಹೋನೆನ್ ಕೂಡಿ ಕಟ್ಟಿದ್ದು. “ಒಬ್ಬಾಂವ ಹಾಡಾಕ ಅಷ್ಟ ಮಂದಿ ಯಾಕ ಬೇಕೋ?” ಅನ್ನುತ್ತಾರೆ ಕಾಕಾ. ಅವರಿಗೆ 2008ರದೇ ಸಾಕು.

ನನ್ನ ವಾದ ಬೇರೆ. ವಾದ್ಯವೃಂದ ಬಂದಾಗ ಸಾಮಾನ್ಯವಾಗಿ ಏನಾಗುತ್ತದೆ? ಹಾಡಿನ ಮೇಲೆ ಸಿಹಿ ಸವರುತ್ತಾರೆ. ಇಲ್ಲಿ ಹಾಗಾಗಿಲ್ಲ. ಯಿಡಕಿ ಊದುವವರು ಒಂದು ಹಾಡಿಗೆ ಯಾವ ಲಯದ ತುಣುಕನ್ನು ತಿರುತಿರುಗಿ ಊದುತ್ತಾರೋ ಅಂಥ ತುಣುಕುಗಳನ್ನು ಚೆಲ್ಲೊ ಮತ್ತು ಬಾಸ್‌ಗಳ ಕೈಗೆ ಕೊಟ್ಟಿದ್ದಾರೆ. ಅವು ಅದನ್ನೇ ಬಾರಿಸುತ್ತ ಹೋಗುತ್ತವೆ, ದನಿ ತನ್ನ ಮನಿಕಾಯ್ ಹಿಡಿದು ತನ್ನ ದಾರಿಯಲ್ಲಿ ನಡೆಯುತ್ತದೆ. ಅಂದರೆ ಯುರೋಪಿನ ವಾದ್ಯಗಳು ಯೊಲ್ಂಗು ಕಟ್ಟಳೆಗೆ ಒಳಪಟ್ಟು ಸಾಥ್ ಮಾಡಿವೆ. ನಮ್ಮ ಪೇಟಿಯೂ ಹೊರಗಿನಿಂದ ಬಂದದ್ದೇ. ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಎಳೆಯಲು ಬಾರದ ಆ ವಾದ್ಯ ಖ್ಯಾಲ್ ಗಾಯನದ ಪಕ್ಕ ಕೂರಲು ಎಷ್ಟು ತಗ್ಗಬೇಕಾಯಿತು ಎಂಬುದು ಬಾರಿಸುವವರಿಗೆ ಗೊತ್ತು. ಆ ಕಿವಿಯಿಂದ ಕೇಳಿದ್ದಕ್ಕೇ ‘ಜಾರಿಮಿರ್ರಿ’ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹೊಸದಾಗಿ ಕೇಳುವವರು ‘ವಿಯಾತುಲ್’ನಿಂದ ಶುರುಮಾಡಿ, ಅಪ್ಪನನ್ನು ನೆನೆದು ಹಾಡಿದ ‘ಬಾಪಾ’ಕ್ಕೆ ಬನ್ನಿ. ‘ಜಾರಿಮಿರ್ರಿ’ಯನ್ನು ಬಿಡಿ ಬಿಡಿಯಾಗಿ ಕೇಳಬೇಡಿ, ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಕೂತು ಕೇಳಿ. ಫೋನಿನ ಸ್ಪೀಕರಿನಲ್ಲಿ ಬಾಸ್ ಕೇಳಿಸುವುದೇ ಇಲ್ಲ, ಇಯರ್‌ಫೋನ್ ಬೇಕೇ ಬೇಕು. ತಬಲಾ, ಪೇಟಿ, ಪಿಟೀಲು ಬಾರಿಸುವ ನಮ್ಮ ಕಡೆಯ ಹುಡುಗರು ಕೇಳಿದರೆ ನನಗೊಂದು ಮಾತು ಬರೆದು ತಿಳಿಸಿ. ಕಾಕಾ ಸರಿಯೋ ನಾನು ಸರಿಯೋ ಎಂಬುದಕ್ಕೆ ಮನೆಯಲ್ಲಿ ಮೂರನೆಯವರ ಮಾತು ಬೇಕಾಗಿದೆ.