ಬೆಕ್ಕಿನ ಮರಿ ತಂದಿದ್ದೇವೆ, ಮೊದಲು ಯಾವ ಇಂಜೆಕ್ಷನ್?

ಮೈಸೂರಿನ ನಮ್ಮ ಮನೆಗೆ ಮೊದಲ ಬೆಕ್ಕು ಬಂದು ಹನ್ನೊಂದು ವರ್ಷ ಆಯಿತು. ಆಮೇಲೆ ಕಾರಿನ ಕೆಳಗೆ, ಚರಂಡಿ ಪಕ್ಕ, ಮಾರ್ಕೆಟ್ಟಿನ ಬುಟ್ಟಿಗಳ ನಡುವೆ ಸಿಕ್ಕಿದ ಐದಾರು ಮರಿಗಳು ಇಲ್ಲೇ ಬೆಳೆದವು. ಹಾಗಾಗಿ ಗೊತ್ತಿದ್ದವರೆಲ್ಲ ನನಗೆ ಒಂದೇ ತರಹದ ಮೆಸೇಜು ಕಳಿಸುತ್ತಾರೆ. "ಅಕ್ಕಾ, ಗೇಟಿನ ಹತ್ರ ಒಂದು ಮರಿ ಸಿಕ್ತು, ಮನೆಗೆ ತಂದಿದ್ದೀವಿ, ಹಾಲು ಚೆನ್ನಾಗಿ ಕುಡೀತಿದೆ. ಮೊದಲು ಯಾವ ಇಂಜೆಕ್ಷನ್ ಹಾಕಿಸ್ಬೇಕು?"

ಹಾಲಿನ ಬಟ್ಟಲು ಎತ್ತಿಡಿ, ಮರಿಗೆ ಒಂದು ಪ್ರತ್ಯೇಕ ಕೋಣೆ ಕೊಡಿ, ಇಂಜೆಕ್ಷನ್ ವಿಷಯ ಆಮೇಲೆ ನೋಡೋಣ. ಪ್ರತಿಸಲ ನಾನು ಹೇಳುವುದು ಇದನ್ನೇ. ಯಾಕೆ ಅಂತ ಪೂರ್ತಿ ಬರೆದುಬಿಡುತ್ತೇನೆ.

ಕೋಣೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದರಲ್ಲಿ ನಾನು ತಪ್ಪು ಮಾಡಿದ್ದೇನೆ. ನಮ್ಮ ಮೊದಲ ಬೆಕ್ಕು ಕರಿಯ. ಅವನಿಗೆ ಜೊತೆಯಾಗಲಿ ಅಂತ ಎರಡನೆಯ ಮರಿ ತಂದ ದಿನವೇ ಇಬ್ಬರಿಗೂ ಒಂದೇ ತಟ್ಟೆ ಇಟ್ಟೆ. ಮರಿಗೆ ಎರಡು ದಿನದಲ್ಲಿ ವಾಂತಿ, ಬೇಧಿ. ಮೂರನೆಯ ದಿನ ಹೋಯಿತು. ಒಂದು ವಾರ ಕಳೆದು ಕರಿಯ ಊಟ ಬಿಟ್ಟ, ನೀರಿನ ಬಟ್ಟಲಿನ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದ, ಆದರೆ ಕುಡಿಯುತ್ತಿರಲಿಲ್ಲ. ನಾಲ್ಕು ದಿನ ಡ್ರಿಪ್ ಹಾಕಿಸಿದೆವು, ಉಳಿಯಲಿಲ್ಲ. ಅವನಿಗೆ ನಾನು ಲಸಿಕೆ ಹಾಕಿಸಿರಲಿಲ್ಲ. ಆ ರೋಗದ ಹೆಸರು ಪ್ಯಾನ್‌ಲ್ಯೂಕೋಪೀನಿಯಾ. ನಾಯಿಮರಿಗಳಿಗೆ ಬರುವ ಪಾರ್ವೋ ಇದೆಯಲ್ಲ, ಅದರ ಹತ್ತಿರದ ನೆಂಟ. ಕರುಳನ್ನು ಹಾಳು ಮಾಡುತ್ತದೆ, ರಕ್ತದ ಬಿಳಿ ಕಣಗಳನ್ನು ಇಳಿಸಿಬಿಡುತ್ತದೆ. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಬುಟ್ಟಿಯಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷದವರೆಗೂ ಬದುಕಿರುತ್ತದೆ. ನಮ್ಮ ಚಪ್ಪಲಿಯಲ್ಲೂ ಮನೆಯೊಳಗೆ ಬರುತ್ತದೆ.

ರೋಗ ಮೈಗೆ ಸೇರಿದ ಮೇಲೆ ಹೊರಗೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ವಾರಕ್ಕಿಂತ ಕಡಿಮೆ ಸಮಯ ಸಾಕು. ಅದಕ್ಕೇ ಹೊಸ ಮರಿ 14 ದಿನ ಬೇರೆ ಇರಬೇಕು. ಬಚ್ಚಲುಮನೆ ಆದರೂ ಪರವಾಗಿಲ್ಲ. ಬೇರೆ ತಟ್ಟೆ, ಬೇರೆ ಲಿಟ್ಟರ್ ಟ್ರೇ (ಹೇಲು ಉಚ್ಚೆ ಮಾಡಲು ಇಡುವ ಮರಳಿನ ತಟ್ಟೆ) ಇಡಿ. ಮೊದಲು ಹಳೆ ಬೆಕ್ಕಿನ ಕೆಲಸ ಮುಗಿಸಿ, ಆಮೇಲೆ ಹೊಸದರ ಹತ್ತಿರ ಹೋಗಿ, ಬಂದು ಸೋಪಿನಲ್ಲಿ ಕೈ ತೊಳೆಯಿರಿ. ಮನೆಯಲ್ಲಿ ಬೇರೆ ಬೆಕ್ಕೇ ಇಲ್ಲದಿದ್ದರೂ ಚಿಕ್ಕ ಕೋಣೆ ಒಳ್ಳೆಯದು, ಮರಿ ಎಷ್ಟು ತಿಂದಿತು, ಹೇಗೆ ಹೇತಿತು ಅನ್ನುವುದು ಕಣ್ಣಿಗೆ ಬೀಳುತ್ತದೆ.

ನೆಲ ಒರೆಸುವ ಮಾತು ಬಂತಲ್ಲ, ಫಿನಾಯಿಲ್ ಬೇಡ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಫಿನಾಯಿಲ್ ನಮ್ಮಲ್ಲಿ ಮನೆಮನೆಯಲ್ಲೂ ಇರುತ್ತದೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥ ರಾಸಾಯನಿಕಗಳನ್ನು ಅರಗಿಸುವ ಶಕ್ತಿ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ವಿಷ ಒಳಗೆ ಹೋಯಿತು. ಅದರ ಬದಲು ಸೋಪುನೀರಿನಲ್ಲಿ ತೊಳೆದು, ಲೀಟರ್ ನೀರಿಗೆ ಸುಮಾರು 30 ಎಂಎಲ್ ಬ್ಲೀಚ್ ಹಾಕಿ ಒರೆಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಬರೀ ನೀರಿನಲ್ಲಿ ತೊಳೆಯಿರಿ. ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಬ್ಲೀಚಿಗೆ ಸಾಯುತ್ತದೆ. ಒಣಗುವವರೆಗೆ ಮರಿ ಆ ಕಡೆ ಬರಬಾರದು ಅಷ್ಟೇ.

ಇನ್ನು ಹಾಲು. ಬೆಕ್ಕು ಅಂದರೆ ಹಾಲು ಅಂತ ಚಿಕ್ಕಂದಿನಿಂದ ಕೇಳಿ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಹಸುವಿನ ಹಾಲಿನ ಸಕ್ಕರೆ ಅಂಶ ಬಹಳ ಬೆಕ್ಕುಗಳಿಗೆ ಅರಗುವುದಿಲ್ಲ, ಬೇಧಿ ಆಗುತ್ತದೆ. ಅರ್ಧ ಕೆಜಿಯೂ ತೂಗದ ಮರಿ ಎರಡು ದಿನ ಬೇಧಿ ಮಾಡಿಕೊಂಡರೆ ಮೈಯಲ್ಲಿ ನೀರೇ ಉಳಿಯುವುದಿಲ್ಲ. ಹಲ್ಲು ಬಂದಿಲ್ಲದ, ಅಂದರೆ ಮೂರು ನಾಲ್ಕು ವಾರದೊಳಗಿನ ಮರಿಗೆ ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಪೆಟ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ಕೊಡಿ. ಕುಡಿಸುವ ಮೊದಲು ಮರಿಯ ಮೈ ಬೆಚ್ಚಗಿದೆಯಾ ನೋಡಿ. ತಣ್ಣಗಿರುವ ಮರಿಗೆ ಹೊಟ್ಟೆಗೆ ಹಾಕಿದ್ದು ಅರಗುವುದಿಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟು ಮೊದಲು ಬೆಚ್ಚಗೆ ಮಾಡಿ. ಮಗುವಿಗೆ ಕುಡಿಸುವಂತೆ ಅಂಗಾತ ಮಲಗಿಸಿ ಕುಡಿಸಲೇಬೇಡಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗೆ, ತಲೆ ನೆಟ್ಟಗೆ. ತಾಯಿ ಬೆಕ್ಕು ನೆಕ್ಕದೆ ಇಷ್ಟು ಚಿಕ್ಕ ಮರಿಗಳು ಉಚ್ಚೆ ಕೂಡ ಮಾಡುವುದಿಲ್ಲ, ಪ್ರತಿ ಊಟದ ಜೊತೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ. ಕಷ್ಟದ ಕೆಲಸ. ಅದಕ್ಕೇ ಇಂಥ ಮರಿ ಕಂಡ ತಕ್ಷಣ ಎತ್ತಿಕೊಳ್ಳಬೇಡಿ, ಜಾಗ ಅಪಾಯದ್ದಲ್ಲದಿದ್ದರೆ ದೂರ ನಿಂತು ಕೆಲವು ಗಂಟೆ ಕಾಯಿರಿ. ತಾಯಿ ಆಹಾರ ಹುಡುಕಿಕೊಂಡು ಹೋಗಿರಬಹುದು.

ಸಸ್ಯಾಹಾರಿ ಮನೆಯವರಿಗೆ ಇನ್ನೊಂದು ಮಾತು, ನಮ್ಮದೂ ಅಂಥದ್ದೇ ಮನೆ. ಮೊಸರನ್ನ ತಿಂದು ಬೆಕ್ಕು ಬದುಕಿರುವಂತೆ ಕಾಣುತ್ತದೆ, ನಿಜವಾಗಿ ಅದು ಹೊರಗೆ ಇಲಿ, ಹಲ್ಲಿ ಹಿಡಿದು ತಿಂದಿರುತ್ತದೆ. ಮನೆಯೊಳಗೇ ಇಟ್ಟರೆ ಅದೂ ತಪ್ಪಿತು. ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಬೇಕೇ ಬೇಕು, ಅದು ಮಾಂಸ, ಮೀನಿನಲ್ಲಿ ಇರುತ್ತದೆ, ಅನ್ನ, ಬೇಳೆಯಲ್ಲಿ ಇಲ್ಲ. ಕಡಿಮೆಯಾದರೆ ಕಣ್ಣು ಕುರುಡಾಗಬಹುದು, ಹೃದಯದ ಸ್ನಾಯು ಸೋಲುತ್ತದೆ. ನಮ್ಮ ಅತ್ತೆ ಅಡುಗೆಮನೆಗೆ ಮಾಂಸ ಬೇಡ ಅಂದರು, ಸರಿ ಅಂತ ಮರಿಗಳ ಒಣ ಆಹಾರದ ಪೊಟ್ಟಣ ತಂದು ಹಿತ್ತಲಿನ ಕಪಾಟಿನಲ್ಲಿಟ್ಟೆವು. ಅದರಲ್ಲಿ ಟಾರಿನ್ ಸೇರಿಸಿರುತ್ತಾರೆ. ಈಗ ಅತ್ತೆಯೇ ಅದನ್ನು ನೀರಿನಲ್ಲಿ ನೆನೆಸಿ ಹಾಕುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಲ್ಯ ಮಾತ್ರ ಕೊಡಬೇಡಿ, ಅವು ಬೆಕ್ಕಿನ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ.

ಒಂದು ಅಡುಗೆಮನೆ ತಕ್ಕಡಿ ಇದ್ದರೆ ದಿನಾ ಬೆಳಿಗ್ಗೆ ಮರಿಯನ್ನು ತೂಗಿ ಬರೆದಿಡಿ. ಮರಿ ದಿನಕ್ಕೆ ಹತ್ತು ಹದಿನೈದು ಗ್ರಾಂ ಏರಬೇಕು. ಎರಡು ದಿನ ಏರದಿದ್ದರೆ, ಅಥವಾ ಇಳಿದರೆ, ಬೇರೆ ಲಕ್ಷಣ ಕಾಣಿಸಲಿ ಬಿಡಲಿ ಡಾಕ್ಟರ ಹತ್ತಿರ ಹೋಗಿ. ಮರಿ ಅರ್ಧ ದಿನ ಏನೂ ತಿನ್ನದಿದ್ದರೂ ಅಷ್ಟೇ. ಒಸಡು ಗುಲಾಬಿ ಬಣ್ಣ ಇರಬೇಕು. ಬೆಳ್ಳಗಿದ್ದರೆ ರಕ್ತ ಕಡಿಮೆ ಇದೆ ಅಂತ, ಮರಿಗಳಲ್ಲಿ ಬಹಳ ಸಲ ಅದಕ್ಕೆ ಚಿಗಟಗಳೇ ಕಾರಣ. ಸೀರಣಿಗೆಯಿಂದ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಒಳಗಿರುವುದು ಮರಿಯದೇ ರಕ್ತ. ಅಂಥ ಮರಿಯನ್ನು ದಿನಾ ಬಾಚಿ, ಚಿಗಟವನ್ನು ಸೋಪುನೀರಿಗೆ ಹಾಕಿ. ನಾಯಿಯ ಚಿಗಟದ ಔಷಧಿ ಮಾತ್ರ ಹಚ್ಚಬೇಡಿ. ಅದರಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬಂದು ಸಾಯಬಹುದು. ಒಮ್ಮೆ ಒಂದು ಅಂಗಡಿಯಲ್ಲಿ "ನಾಯಿದು ಬೆಕ್ಕಿಂದು ಎಲ್ಲಾ ಒಂದೇ ಮೇಡಂ" ಅಂತ ನನ್ನ ಕೈಗೇ ಕೊಟ್ಟಿದ್ದರು, ಓದಿ ನೋಡಿದ್ದಕ್ಕೆ ಉಳಿಯಿತು.

ಹಾಗೇ ಜ್ವರ ಅಂತ ಪ್ಯಾರಾಸಿಟಮಾಲ್ ಕೊಡಬೇಡಿ, ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ಜಂತುಹುಳಕ್ಕೆ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಕೂಡ ಬೇಡ, ಅದು ಬೆಕ್ಕಿನ ಮೂಳೆಯ ಮಜ್ಜೆಗೆ ಪೆಟ್ಟು ಕೊಡಬಲ್ಲದು. ಬೆಕ್ಕಿಗೆ ಸುರಕ್ಷಿತವಾದ ಜಂತುಹುಳದ ಔಷಧಿ ಬೇರೆ ಇದೆ. ಡಾಕ್ಟರು ತೂಕ ನೋಡಿಯೇ ಎಷ್ಟು ಅಂತ ಹೇಳುತ್ತಾರೆ, ಮರಿಗಳಿಗೆ ಎರಡು ವಾರಕ್ಕೊಮ್ಮೆ ಕೆಲವು ಸಲ ಕೊಡಬೇಕಾಗುತ್ತದೆ. ತಾಯಿಯ ಹಾಲಿನಿಂದಲೇ ಹುಳ ಬಂದಿರುತ್ತವೆ, ಆದ್ದರಿಂದ ಚೆನ್ನಾಗಿ ಕಾಣುವ ಮರಿಗೂ ಬೇಕು.

ಈಗ ಇಂಜೆಕ್ಷನ್. ಕಾಯಿಲೆ ಬಿದ್ದ ಮರಿಗೆ ಡಾಕ್ಟರು ಸಾಮಾನ್ಯವಾಗಿ ಲಸಿಕೆ ಹಾಕುವುದಿಲ್ಲ, ಮೊದಲು ಅದು ಸುಧಾರಿಸಬೇಕು. ಆರರಿಂದ ಎಂಟು ವಾರಕ್ಕೆ ಮೊದಲನೆಯ ಡೋಸ್, ಪ್ಯಾನ್‌ಲ್ಯೂಕೋಪೀನಿಯಾ ಜೊತೆಗೆ ಶೀತದ ಎರಡು ವೈರಸ್‌ಗಳಿಗೂ ಅದೇ ಲಸಿಕೆ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಒಂದೇ ಸಲ ಸಾಲದಾ ಅಂತ ಕೇಳುತ್ತಾರೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಇರುವವರೆಗೆ ಲಸಿಕೆ ಹತ್ತುವುದಿಲ್ಲ, ಆ ರಕ್ಷಣೆ ಯಾವ ವಾರ ಕರಗುತ್ತದೆ ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ಹಾಗಾಗಿ ಮತ್ತೆ ಮತ್ತೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ, ಆ ಹೊತ್ತಿಗೆ ಎಷ್ಟೋ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ, ವಿಚಾರಿಸಿ.

ಮರಿ ನಿಮ್ಮನ್ನು ಕಚ್ಚಿದರೆ, ಪರಚಿ ರಕ್ತ ಬಂದರೆ, "ಚಿಕ್ಕ ಮರಿ ಅಲ್ವಾ" ಅಂತ ಬಿಡಬೇಡಿ. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಮದ್ದಿಲ್ಲ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಲಿಟ್ಟರ್ ಟ್ರೇಯನ್ನು ಬೇರೆಯವರು ದಿನಾ ತೆಗೆಯಲಿ. ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಹೇಲಿನಲ್ಲಿ ಹೊರಬಂದು ಸೋಂಕು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಆಯಿತು. ಅದಕ್ಕಾಗಿ ಬೆಕ್ಕನ್ನು ಮನೆಯಿಂದ ಹಾಕಬೇಕಾಗಿಲ್ಲ.

ಮುಂದೆ ಮರಿ ಆಗದಂತೆ ಮಾಡಿಸುವ ಆಪರೇಷನ್ ವಿಷಯ ಲಸಿಕೆಗಳು ಮುಗಿಯುವಾಗಲೇ ಡಾಕ್ಟರ ಹತ್ತಿರ ಮಾತಾಡಿಟ್ಟುಕೊಳ್ಳಿ. ಹೆಣ್ಣು ಮರಿ ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಅದಾಗಿ ಸುಮಾರು ಎರಡು ತಿಂಗಳಿಗೆ ನಾಲ್ಕೈದು ಮರಿ. ಒಂದನ್ನು ಗೇಟಿನಿಂದ ತಂದವರು ಮುಂದಿನ ವರ್ಷ ಐದು ಮರಿಗಳಿಗೆ ಮನೆ ಹುಡುಕಿಕೊಂಡು ನನಗೆ ಫೋನ್ ಮಾಡಿದ್ದಾರೆ.

ಇದನ್ನು ಬರೆಯುವಾಗ ನಮ್ಮ ಬಚ್ಚಲುಮನೆಯಲ್ಲಿ ಒಂದು ಕಂದು ಪಟ್ಟೆಯ ಮರಿ ಇದೆ, ಇವತ್ತಿಗೆ ಒಂಬತ್ತನೆಯ ದಿನ. ಬಂದಾಗ 590 ಗ್ರಾಂ, ಇವತ್ತು ಬೆಳಿಗ್ಗೆ 700. ಮುಂದಿನ ಶನಿವಾರ ಮೊದಲನೆಯ ಇಂಜೆಕ್ಷನ್.